ಇನ್‌ಬೋರ್ಡ್ ಎಂಜಿನ್‌ಗೆ ರೈಸರ್ ಸ್ಪೇಸರ್ ಮತ್ತು ಸಿಲಿಕಾನ್ ಫ್ಲಾಪರ್: ಕೆಆರ್‌ಎಸ್ ಹಿನ್ನೀರಿನಲ್ಲಿ ಬಳಸಿ ನೋಡಿದ ಮೇಲೆ

ಕೆಆರ್‌ಎಸ್ ಹಿನ್ನೀರಿನಲ್ಲಿ ಓಡುವ ಹಳೆಯ ಸ್ಕೀ ಬೋಟೊಂದರ ಎಂಜಿನ್ ನೋಡಿಕೊಳ್ಳುವ ಕೆಲಸ ನನ್ನದು. ಪೆಟ್ರೋಲ್ ವಿ8, ಇನ್‌ಬೋರ್ಡ್ (ಬೋಟಿನ ಒಳಗೇ ಕೂರುವ ಎಂಜಿನ್). ಅದರ ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಸಿಲಿಂಡರ್‌ಗಳ ಹೊಗೆ ಒಟ್ಟುಗೂಡುವ ಭಾಗ) ಮತ್ತು ಎಲ್ಬೋ (ಅದರ ಮೇಲಿನ ಬಾಗಿದ ಪೈಪ್) ನಡುವೆ ಎಲ್ಬೋವನ್ನು ಎತ್ತರಿಸುವ 3 ಇಂಚಿನ ರೈಸರ್ ಸ್ಪೇಸರ್ ಜೋಡಿ, ಹಿಂಬದಿಯ ಪೈಪ್ ಬಾಯಿಗೆ ಸಿಲಿಕಾನ್ ಫ್ಲಾಪರ್ (ಹೊಗೆಯನ್ನು ಆಚೆ ಬಿಟ್ಟು, ನೀರು ಒಳಬರದಂತೆ ಮುಚ್ಚಿಕೊಳ್ಳುವ ಮುಚ್ಚಳ) ಹಾಕಿಸಿ ಎರಡು ವರ್ಷದ ಮೇಲಾಯಿತು. ಎಕ್ಸಾಸ್ಟ್ ನೀರು ಸಿಲಿಂಡರಿಗೆ ವಾಪಸ್ ನುಗ್ಗುವ ತೊಂದರೆ ಇರುವವರಿಗೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ. ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಸ್ಪೇಸರ್‌ಗೆ ಕೊಟ್ಟ ಕಾಸಿಗೆ ಮೋಸವಿಲ್ಲ. ಫ್ಲಾಪರ್ ಕೂಡ ಬೇಕು, ಆದರೆ ಅದೊಂದನ್ನೇ ನಂಬಿ ಕೂರಬೇಡಿ.

ನಮ್ಮ ಬೋಟಿನ ತೊಂದರೆ ಹೀಗಿತ್ತು. ಬೆಳಿಗ್ಗೆ ಒಂದೇ ಸಲ ಸೆಲ್ಫ್ ಹೊಡೆದರೆ ಸ್ಟಾರ್ಟ್ ಆಗುತ್ತಿತ್ತು. ಜೋರಾಗಿ ಓಡಿಸಿದರೆ ಏನೂ ಇಲ್ಲ. ಸ್ಕೀ ಮಾಡುವವರು ನೀರಿಗಿಳಿದು ಹಗ್ಗ ಹಿಡಿಯುವವರೆಗೆ ಸುಮ್ನೆ ಸ್ಲೋನಲ್ಲಿ ನಿಂತರೆ ಮಾತ್ರ ಎಂಜಿನ್ ಮಿಸ್ ಹೊಡೆಯಲು ಶುರು. ಪ್ಲಗ್ ಬಿಚ್ಚಿದರೆ ಹಿಂದಿನ ಸಿಲಿಂಡರ್‌ಗಳ ಪ್ಲಗ್ ತುದಿಯಲ್ಲಿ ನೀರಿನ ಹನಿ, ಪಕ್ಕದಲ್ಲಿ ತುಕ್ಕಿನ ಬಣ್ಣ.

ಕಾರಿನ ಸೈಲೆನ್ಸರ್ ಮಾತ್ರ ನೋಡಿದವರಿಗೆ ಇದು ವಿಚಿತ್ರ ಅನ್ನಿಸಬಹುದು. ಇಂಥ ಬೋಟಿನಲ್ಲಿ ಎಂಜಿನ್ ತಂಪು ಮಾಡಿದ ನೀರನ್ನೇ ಎಲ್ಬೋದಲ್ಲಿ ಹೊಗೆಯ ಜೊತೆ ಬೆರೆಸಿ ಆಚೆ ಬಿಡುತ್ತಾರೆ. ಹಾಗಾಗಿ ರಬ್ಬರ್ ಹೋಸ್ ಸುಡುವುದಿಲ್ಲ. ಈ ನೀರು ಹಿಂದಕ್ಕೆ ಬರಲು ಕಾರಣ ವಾಲ್ವ್ ಓವರ್‌ಲ್ಯಾಪ್. ಹೊಗೆ ಹೋಗುವ ವಾಲ್ವ್ ಪೂರ್ತಿ ಮುಚ್ಚುವ ಮೊದಲೇ ಒಳಗೆ ಎಳೆಯುವ ವಾಲ್ವ್ ತೆರೆದಿರುತ್ತದೆ. ಸ್ಲೋನಲ್ಲಿ ಥ್ರಾಟಲ್ ಮುಚ್ಚಿರುವುದರಿಂದ ಇನ್‌ಟೇಕ್ ಕಡೆ ವ್ಯಾಕ್ಯೂಮ್ ಜಾಸ್ತಿ. ಆ ಒಂದು ಕ್ಷಣ ಸಿಲಿಂಡರ್ ಎಕ್ಸಾಸ್ಟ್ ಕಡೆಯಿಂದಲೂ ಎಳೆಯುತ್ತದೆ. ಹೊಗೆಯ ಜೊತೆ ಹನಿಹನಿಯಾಗಿ ನೀರೂ ಬರುತ್ತದೆ. ಆರ್‌ಪಿಎಂ ಏರಿದರೆ ಹೊಗೆಯ ರಭಸವೇ ನೀರನ್ನು ಆಚೆ ತಳ್ಳುತ್ತದೆ. ಪವರ್ ಜಾಸ್ತಿ ಸಿಗಲಿ ಅಂತ ಓವರ್‌ಲ್ಯಾಪ್ ಹೆಚ್ಚಿರುವ ಕ್ಯಾಮ್ ಶಾಫ್ಟ್ (ವಾಲ್ವ್‌ಗಳನ್ನು ತೆರೆಯುವ ದಂಡ) ಹಾಕಿಸಿದ ಎಂಜಿನ್‌ಗಳಲ್ಲಿ ಈ ಕಾಟ ಇನ್ನೂ ಕೆಟ್ಟದಾಗಿರುತ್ತದೆ.

ಆದರೆ ಸಾಮಾನು ಆರ್ಡರ್ ಮಾಡುವ ಮೊದಲು ಒಂದು ವಿಷಯ ಖಚಿತವಾಗಬೇಕು. ಇದು ನಿಜಕ್ಕೂ ವಾಪಸ್ ಬರುವ ನೀರೋ, ಇಲ್ಲ ಮ್ಯಾನಿಫೋಲ್ಡ್ ಅಥವಾ ಗ್ಯಾಸ್ಕೆಟ್ ಸೋರಿಕೆಯೋ? ಎರಡಕ್ಕೂ ಲಕ್ಷಣ ಹೆಚ್ಚುಕಡಿಮೆ ಒಂದೇ, ಮದ್ದು ಬೇರೆ. ಎಂಜಿನ್ ಆಫ್ ಮಾಡಿ ರಾತ್ರಿಯೆಲ್ಲ ಬಿಟ್ಟ ಮೇಲೆ ಸಿಲಿಂಡರಿನಲ್ಲಿ ನೀರು ಸಿಕ್ಕರೆ ಮೊದಲು ಸೋರಿಕೆಯನ್ನೇ ಅನುಮಾನಿಸಿ. ಸ್ಲೋನಲ್ಲಿ ತುಂಬಾ ಹೊತ್ತು ಓಡಿದ ಮೇಲಷ್ಟೇ ಸಿಕ್ಕರೆ ರಿವರ್ಷನ್, ಅಂದರೆ ಎಕ್ಸಾಸ್ಟ್ ನೀರು ವಾಪಸ್ ಬರುವುದು, ಇರಬಹುದು. ನಾವು ಮ್ಯಾನಿಫೋಲ್ಡ್ ಬಿಚ್ಚಿ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದ ವರ್ಕ್‌ಶಾಪ್ ಒಂದಕ್ಕೆ ಕೊಂಡೊಯ್ದು, ನೀರಿನ ದಾರಿಗಳನ್ನೆಲ್ಲ ಮುಚ್ಚಿಸಿ, ಸುಮಾರು 15 ಪಿಎಸ್‌ಐ ಗಾಳಿ ಕೊಡಿಸಿ ಸೋಪಿನ ನೀರು ಹಚ್ಚಿಸಿದೆವು. ಗುಳ್ಳೆ ಬರಲಿಲ್ಲ. ಕಂಪ್ರೆಷನ್ ಕೂಡ ಎಲ್ಲ ಸಿಲಿಂಡರ್‌ನಲ್ಲೂ ಸಮವಾಗಿತ್ತು.

ಆಮೇಲೆ ಮಾಡಿದ್ದು ಸೀಮೆಸುಣ್ಣದ ಪರೀಕ್ಷೆ. ಎಲ್ಬೋ ಒಳಗೆ ನೀರು ಸೇರುವ ಜಾಗಕ್ಕಿಂತ ಮೇಲಿನ ಒಣ ಭಾಗವನ್ನು ಚೆನ್ನಾಗಿ ಒರೆಸಿ, ಅರೆದ ಸೀಮೆಸುಣ್ಣವನ್ನು ನೀರಿನಲ್ಲಿ ಕಲಸಿ ಬಳಿಯಬೇಕು. ಒಣಗಿದ ಮೇಲೆ ಜೋಡಿಸಿ, ಬೋಟು ನೀರಿನಲ್ಲಿರುವಾಗಲೇ ಸ್ವಲ್ಪ ಹೊತ್ತು ಸ್ಲೋನಲ್ಲಿ ಓಡಿಸಿ, ಬಿಚ್ಚಿ ನೋಡಬೇಕು. ನಮ್ಮದರಲ್ಲಿ ಸುಣ್ಣ ತೊಳೆದುಹೋದ ಗೆರೆಗಳು ಮೇಲೇರಿ ಮ್ಯಾನಿಫೋಲ್ಡ್ ಕಡೆಗೇ ಹೋಗಿದ್ದವು. ಕಾಸಿಲ್ಲದ ಪರೀಕ್ಷೆ, ಆದರೂ ಇಷ್ಟು ಸ್ಪಷ್ಟವಾಗಿ ಬೇರೆ ಯಾವುದೂ ತೋರಿಸಲಿಲ್ಲ.

ಇನ್ನು ಸ್ಪೇಸರ್ ವಿಷಯ. 3 ಮತ್ತು 6 ಇಂಚಿನವು ಸಿಗುತ್ತವೆ. 6 ಇಂಚು ಹಾಕಿದರೆ ನಮ್ಮ ಎಂಜಿನ್ ಬಾಕ್ಸಿನ ಮುಚ್ಚಳ ಕೂರುವುದಿಲ್ಲ. 3 ಇಂಚಿಗೇ ಮುಚ್ಚಳದ ಒಳಗಿನ ಪ್ಯಾಡಿಂಗ್ ಕತ್ತರಿಸಬೇಕಾಯಿತು. ಎಲ್ಬೋ ಎತ್ತರವಾದಷ್ಟೂ ನೀರು ಹತ್ತಿ ಬರಬೇಕಾದ ದೂರ ಹೆಚ್ಚುತ್ತದೆ, ಕೆಲಸ ಮಾಡುವುದೇ ಅದು. ಎತ್ತರಿಸಿದ ಮೇಲೆ ಹೋಸ್ ಹಿಂಬದಿಗೆ ಒಂದೇ ಸಮನೆ ಇಳಿಜಾರಾಗಿರಬೇಕು. ಅಡಿಗೆ ಅರ್ಧ ಇಂಚು ಇಳಿಜಾರು ಅನ್ನುವುದು ಸಾಮಾನ್ಯ ಲೆಕ್ಕ. ನಡುವೆ ಜೋತುಬಿದ್ದರೆ ಅಲ್ಲೇ ನೀರು ನಿಲ್ಲುತ್ತದೆ.

ಎಚ್ಚರ ಬೇಕಾದ್ದು ಗ್ಯಾಸ್ಕೆಟ್ ಆರಿಸುವಾಗ. ಕೆಲವು ನೀರನ್ನು ಪೂರ್ತಿ ಬಿಡುತ್ತವೆ, ಕೆಲವು ಕಡಿಮೆ ಬಿಡುತ್ತವೆ, ಕೆಲವು ಮುಚ್ಚಿಬಿಡುತ್ತವೆ. ನೋಡಲು ಅಣ್ಣತಮ್ಮಂದಿರ ಹಾಗಿರುತ್ತವೆ. ತಪ್ಪಿದ್ದು ಕೂರಿಸಿದರೆ ಎಲ್ಬೋಗೆ ನೀರೇ ಹೋಗದೆ ಹೋಸ್ ಸುಟ್ಟುಹೋಗುತ್ತದೆ. ಮಾರುವವರು ಡಬ್ಬಿಯಲ್ಲಿ ಒಂದು ಚಿತ್ರ ಇಟ್ಟಿದ್ದರೆ ಎಷ್ಟು ಚೆನ್ನಾಗಿತ್ತು.

ಫ್ಲಾಪರ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹಳೆಯ ರಬ್ಬರಿನವು ಬಿಸಿಗೆ ಗಟ್ಟಿಯಾಗಿ ಅಂಚು ಮಡಚಿಕೊಂಡಿದ್ದವು. ಸಿಲಿಕಾನಿನವು ಇನ್ನೂ ಮೆತ್ತಗಿವೆ. ಕೈಗೆ ಸಿಗುವ ಜಾಗ, ಆಗಾಗ ಎತ್ತಿ ನೋಡಿ. ಹಿನ್ನೀರಿನ ಕಳೆಯ ಎಳೆ ಸಿಕ್ಕಿಕೊಂಡರೆ ಫ್ಲಾಪರ್ ಪೂರ್ತಿ ಮುಚ್ಚುವುದಿಲ್ಲ. ಮಳೆಗಾಲದಲ್ಲಿ ಕಾವೇರಿ ಕೆಂಪಾಗಿ ಬಂದಾಗ ನೀರಿನ ಪಂಪಿನ ಇಂಪೆಲ್ಲರ್ (ನೀರು ತಳ್ಳುವ ಚಕ್ರ) ಕೂಡ ಬೇಗ ಸವೆಯುತ್ತದೆ. ಪಂಪಿನಿಂದ ಬರುವ ನೀರು ಕಡಿಮೆಯಾದರೆ ಯಾವ ಫ್ಲಾಪರ್ ಆದರೂ ಬೇಯುತ್ತದೆ.

ಪೈಪಿನೊಳಗೆ ನೀರು ನುಗ್ಗಲು ನಮ್ಮ ಕಡೆಯದೇ ಆದ ಇನ್ನೊಂದು ಕಾರಣವಿದೆ. ಕೆಆರ್‌ಎಸ್ ತುಂಬಿದಾಗ 124.80 ಅಡಿ. ಎಷ್ಟೋ ಬೇಸಿಗೆಗಳಲ್ಲಿ ಅದು 100ಕ್ಕಿಂತ ಕೆಳಗಿಳಿಯುತ್ತದೆ. ಆಗ ಜೆಟ್ಟಿ ಹತ್ತಿರ ನೀರಿರುವುದಿಲ್ಲ, ಬೋಟಿನ ಮೂತಿಯನ್ನು ಇಳಿಜಾರಿನ ಕೆಸರಿಗೆ ಎಳೆದು ನಿಲ್ಲಿಸುತ್ತಾರೆ. ಮೂತಿ ಮೇಲೆ, ಹಿಂಬದಿ ನೀರಿನಲ್ಲಿ. ಎಕ್ಸಾಸ್ಟ್ ಬಾಯಿ ಪೂರ್ತಿ ಮುಳುಗಿರುತ್ತದೆ, ಪಕ್ಕದಲ್ಲಿ ಹೋದ ಬೋಟಿನ ಅಲೆಯೆಲ್ಲ ಅಲ್ಲಿಗೇ ಬಡಿಯುತ್ತದೆ. ಹಿಂದಿನ ಸೀಟಿನಲ್ಲಿ ಜನ ತುಂಬಿದರೂ ಅಷ್ಟೇ. ಆದ್ದರಿಂದ ಎಲ್ಬೋ ನೀರಿನ ಮಟ್ಟಕ್ಕಿಂತ ಎಷ್ಟು ಮೇಲಿದೆ ಅಂತ ಅಳೆಯುವಾಗ ಖಾಲಿ ಬೋಟು ಅಳೆಯಬೇಡಿ. ಟ್ಯಾಂಕ್ ತುಂಬಿಸಿ, ಜನರನ್ನು ಕೂರಿಸಿ ಅಳೆಯಿರಿ. ಈಗ ನಾವು ಆ ದಿನಗಳಲ್ಲಿ ಬೋಟನ್ನು ಆಳದಲ್ಲಿ ಲಂಗರು ಹಾಕುತ್ತೇವೆ. ಓಡಿಸುವ ಹುಡುಗರಿಗೂ ಹೇಳಿದ್ದೇನೆ, ಜೋರಿನಲ್ಲಿದ್ದಾಗ ಥ್ರಾಟಲ್ ತಟಕ್ಕನೆ ಬಿಡಬೇಡ್ರಪ್ಪಾ ಅಂತ. ಬೋಟು ನಿಧಾನವಾದರೂ ಅದೆಬ್ಬಿಸಿದ ಅಲೆ ನಿಧಾನವಾಗುವುದಿಲ್ಲ, ಹಿಂದಿನಿಂದ ಬಂದು ಪೈಪಿಗೇ ನುಗ್ಗುತ್ತದೆ.

ಇಷ್ಟೆಲ್ಲ ಆದ ಮೇಲೆ ಪ್ಲಗ್‌ಗಳು ಒಣಗಿವೆ, ಸ್ಲೋ ಸರಿಯಾಗಿದೆ. ಹಿಂದಿನ ಸಿಲಿಂಡರ್‌ಗಳಲ್ಲಿ ತುಕ್ಕು ಮತ್ತೆ ಕಂಡಿಲ್ಲ.

ನಿಮ್ಮ ಎಂಜಿನ್ ಈಗಾಗಲೇ ನೀರು ಕುಡಿದು ಜಾಮ್ ಆಗಿದ್ದರೆ ದಯವಿಟ್ಟು ಸೆಲ್ಫ್ ಹೊಡೆಯುತ್ತಲೇ ಇರಬೇಡಿ. ನೀರು ಅದುಮಿದರೆ ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಮೊದಲು ಬ್ಲೋವರ್ ಹಾಕಿ ಪೆಟ್ರೋಲ್ ವಾಸನೆ ಹೋಗಿಸಿ. ಇಗ್ನಿಷನ್ ವೈರ್ ಕಳಚಿ, ಪ್ಲಗ್ ಎಲ್ಲ ಬಿಚ್ಚಿ, ಆಮೇಲೆ ತಿರುಗಿಸಿ ನೀರು ಹೊರಹಾಕಿ. ಸಿಲಿಂಡರಿಗೆ ಸ್ವಲ್ಪ ಆಯಿಲ್ ಬಿಡಿ. ಎಂಜಿನ್ ಆಯಿಲ್ ಬದಲಿಸಿ ಅವತ್ತೇ ಓಡಿಸಿ ಬಿಸಿ ಮಾಡಿ. ನಾಳೆಗೆ ಬಿಟ್ಟರೆ ರಿಂಗ್‌ಗಳು ತುಕ್ಕು ಹಿಡಿಯುತ್ತವೆ.

ತರಿಸುವವರಿಗೆ ಒಂದು ಮಾತು. ವಿದೇಶದಿಂದ ಬರುವ ಸಾಮಾನಿಗೆ ಸಾಗಣೆ ಮತ್ತು ಕಸ್ಟಮ್ಸ್ ಖರ್ಚು ಜೋರಾಗಿಯೇ ಬೀಳುತ್ತದೆ. ಹಾಗಾಗಿ ಗ್ಯಾಸ್ಕೆಟ್ ಮಾತ್ರ ಒಂದು ಸೆಟ್ ಜಾಸ್ತಿ ಸೇರಿಸಿಯೇ ತರಿಸಿ.