ಸಿಟಿ ಆಂಜಿಯೋ, ನ್ಯೂಕ್ಲಿಯರ್ ಸ್ಕ್ಯಾನ್, ಇಲ್ಲಾ ಎರಡೂ?

ಹೃದಯದ ರಕ್ತನಾಳ ಎಲ್ಲಿ ಕಿರಿದಾಗಿದೆ ಎಂದು ಸಿಟಿ ಆಂಜಿಯೋ (ರಕ್ತನಾಳಗಳ ಸಿಟಿ ಸ್ಕ್ಯಾನ್) ತೋರಿಸುತ್ತದೆ. ಅದರಿಂದ ಸ್ನಾಯುವಿಗೆ ನಿಜಕ್ಕೂ ರಕ್ತ ಕಮ್ಮಿಯಾಗಿದೆಯೇ ಎಂದು ಹೇಳುವುದು ನ್ಯೂಕ್ಲಿಯರ್ ಸ್ಕ್ಯಾನ್, ಅಂದರೆ ಅಲ್ಪ ವಿಕಿರಣಶೀಲ ವಸ್ತುವನ್ನು ರಕ್ತಕ್ಕೆ ಚುಚ್ಚಿ ತೆಗೆಯುವ ಚಿತ್ರ.

ಎದೆನೋವು ಹೊಸದಾಗಿದ್ದು, ಹಿಂದೆ ಹೃದ್ರೋಗ ಇಲ್ಲದಿದ್ದರೆ ನನ್ನ ಓಟು ಸಿಟಿಗೆ. ಆದರೆ ಕ್ಯಾಲ್ಸಿಯಂ ಕಟ್ಟಿದ ನಾಳ ಅದರಲ್ಲಿ ಇರುವುದಕ್ಕಿಂತ ಹೆಚ್ಚು ಮುಚ್ಚಿದಂತೆ ಕಾಣುತ್ತದೆ. ಕಿಡ್ನಿ ದುರ್ಬಲವಿದ್ದರೆ ಸಿಟಿಗೆ ಚುಚ್ಚುವ ಅಯೋಡಿನ್ ಕಾಂಟ್ರಾಸ್ಟ್ (ನಾಳ ಎದ್ದು ಕಾಣಿಸುವ ದ್ರವ) ಬೇರೆ ತಲೆನೋವು. ಸ್ಟೆಂಟ್ ಹಾಕಿಸಿಕೊಂಡವರಿಗೆ ಬಹುಪಾಲು ನ್ಯೂಕ್ಲಿಯರ್ ವಾಸಿ. ಅದೂ ಮೋಸ ಹೋಗುವುದುಂಟು: ಮೂರೂ ನಾಳಗಳು ಸಮನಾಗಿ ಕಟ್ಟಿಕೊಂಡಿದ್ದರೆ ಚಿತ್ರ ಸರಿಯಾಗಿಯೇ ಕಂಡೀತು.

ಎರಡರ ಚಿತ್ರಗಳನ್ನೂ ಒಂದರ ಮೇಲೊಂದು ಕೂರಿಸಿದರೆ ಯಾವ ಬ್ಲಾಕ್‌ನಿಂದ ಯಾವ ಭಾಗ ಸೊರಗಿದೆ ಎಂದು ನೇರವಾಗಿ ಗೊತ್ತಾಗುತ್ತದೆ. ವಿಕಿರಣವೂ ಹೆಚ್ಚುತ್ತದೆ, ಹಾಗಾಗಿ ಮೊದಲ ಪರೀಕ್ಷೆಯ ಉತ್ತರ ಗೊಂದಲವಾಗಿದ್ದರೆ ಮಾತ್ರ ಇದು. ನ್ಯೂಕ್ಲಿಯರ್ ಸ್ಕ್ಯಾನ್ ಜೊತೆಗೆ, ವ್ಯಾಯಾಮದ ಬದಲು ಔಷಧಿ ಕೊಟ್ಟು ಮಾಡುವ ಸ್ಟ್ರೆಸ್ ಟೆಸ್ಟಾದರೆ ಸಾಮಾನ್ಯವಾಗಿ ಹಿಂದಿನ ದಿನದಿಂದಲೇ ಕಾಫಿ, ಟೀ ಬಂದ್.