ಮಾಮೂಲಿ ಪ್ಲಗ್ಗೋ, ಇರಿಡಿಯಂ ಪ್ಲಗ್ಗೋ?

ತುಮಕೂರು ಪೇಟೆಯೊಳಗೇ ಓಡಾಡುವ ನೂರು, ನೂರಿಪ್ಪತ್ತೈದು ಸಿಸಿ ಗಾಡಿಗೆ ಮಾಮೂಲಿ ನಿಕ್ಕಲ್ ಸ್ಪಾರ್ಕ್ ಪ್ಲಗ್ಗೇ (ಎಂಜಿನ್ನಿನಲ್ಲಿ ಪೆಟ್ರೋಲ್ ಹೊತ್ತಿಸಲು ಕಿಡಿ ಹಾರಿಸುವ ಭಾಗ) ಸಾಕು ಅಂತೀನಿ. ಅಗ್ಗ, ಯಾವ ಸ್ಪೇರ್ಸ್ ಅಂಗಡಿಯಲ್ಲೂ ಸಿಗುತ್ತೆ. ಮಸಿ ಹಿಡಿದರೆ ತಂತಿ ಬ್ರಷ್‌ನಲ್ಲಿ ಉಜ್ಜಿ, ಫೀಲರ್ ಗೇಜ್ ಅನ್ನೋ ತೆಳು ಅಳತೆ ಪಟ್ಟಿ ತೂರಿಸಿ ಕಿಡಿ ಹಾರುವ ಗ್ಯಾಪ್ ನೋಡಿ (ಬಹಳಷ್ಟು ಗಾಡಿಗಳಿಗೆ 0.7ರಿಂದ 0.8 ಮಿ.ಮೀ.) ಮತ್ತೆ ಹಾಕಬಹುದು.

ಇರಿಡಿಯಂ ಬೇರೆ ಜಾತಿ. ನಿಕ್ಕಲ್ 1,455 ಡಿಗ್ರಿ ಸೆಲ್ಸಿಯಸ್‌ಗೆ ಕರಗಿದರೆ ಇದು ಕರಗೋದು ಸುಮಾರು 2,446ಕ್ಕೆ. ಅದಕ್ಕೇ ನಡುವಿನ ತುದಿಯನ್ನು ಸೂಜಿಯಂತೆ ಸಣ್ಣಗೆ ಮಾಡಿದರೂ ಬೇಗ ಸವೆಯಲ್ಲ, ಕಿಡಿ ಹಾರಲು ಕಡಿಮೆ ವೋಲ್ಟೇಜ್ ಸಾಕು. ಬೆಲೆ ಮಾತ್ರ ಹಲವು ಪಟ್ಟು. ತಂತಿ ಬ್ರಷ್ ತಾಗಿಸಲೇಬೇಡಿ, ಆ ತುದಿ ಹಾಳಾಗುತ್ತೆ. ದಿನಾ ಬೆಂಗಳೂರಿಗೆ ಹೋಗಿಬರುವವರು ಹಾಕಿಸಿದರೆ ಪದೇ ಪದೇ ಬದಲಿಸುವ ಕೆಲಸ ತಪ್ಪುತ್ತೆ. ದೇವರಾಯನದುರ್ಗದ ಏರಿನಲ್ಲಿ ಪಿಕಪ್ ಹೆಚ್ಚುತ್ತೆ ಅಂತ ನಾನೂ ಹಾಕಿ ನೋಡಿದೆ; ನನಗಂತೂ ವ್ಯತ್ಯಾಸ ಗೊತ್ತಾಗಲಿಲ್ಲ.

ಯಾವುದೇ ತಗೊಳ್ಳಿ, ಹೀಟ್ ರೇಂಜ್ (ಪ್ಲಗ್ ಎಷ್ಟು ಬೇಗ ಬಿಸಿ ಬಿಟ್ಟುಕೊಡುತ್ತೆ ಅನ್ನೋ ಅಳತೆ) ಗಾಡಿಯ ಕೈಪಿಡಿಯಲ್ಲಿ ಹೇಳಿದ್ದೇ ಇರಲಿ. ಎಂಜಿನ್ ತಣ್ಣಗಾದ ಮೇಲೆ ಬಿಚ್ಚಿ. ಹಾಕುವಾಗ ಮೊದಲ ಸುತ್ತುಗಳನ್ನು ಬೆರಳಲ್ಲೇ ತಿರುಗಿಸಿ. ಶುರುವಿಗೇ ಸ್ಪ್ಯಾನರ್ ಹಾಕಿ ಎಂಜಿನ್ ಹೆಡ್ಡಿನ ಅಲ್ಯೂಮಿನಿಯಂ ಥ್ರೆಡ್ ಹಾಳುಮಾಡಿಕೊಂಡವನು ನಾನು. ಆ ರಿಪೇರಿ ದುಡ್ಡಿಗೆ ಎರಡು ಇರಿಡಿಯಂ ಬರುತ್ತಿತ್ತು.