ಬ್ರಿಟನ್ನಿನ ಟ್ರೈನರ್‌ಗಳು ಹೇಳುವ ಲಾಯದ ಸುದ್ದಿ: ಹಲವು ಸೀಸನ್ ಬಳಸಿದ ಮೇಲೆ

ಬ್ರಿಟನ್ನಿನಲ್ಲಿ ಕುದುರೆ ರೇಸ್ ಆಡುವವರಿಗೆ ಲಾಯದ ಒಳಗಿನ ಸುದ್ದಿ ನಾಲ್ಕು ದಾರಿಯಲ್ಲಿ ಸಿಗುತ್ತದೆ. ಸೀಸನ್ ಶುರುವಾಗುವ ಹೊತ್ತಿಗೆ ರೇಸಿಂಗ್ ಪತ್ರಿಕೆಗಳು ಮಾಡುವ ‘ಸ್ಟೇಬಲ್ ಟೂರ್’ ಒಂದು. ಬೆಟ್ಟಿಂಗ್ ಕಂಪನಿಗಳ ಸೈಟಿನಲ್ಲಿ ಟ್ರೈನರ್ ಹೆಸರಿನಲ್ಲೇ ಬರುವ ಅಂಕಣ ಇನ್ನೊಂದು. ರೇಸಿಗೆ ಮುಂಚೆ ಟೀವಿಯಲ್ಲಿ ಅರ್ಧ ನಿಮಿಷದ ಮಾತು ಮೂರನೆಯದು. ಟ್ರೈನರ್ ಬಾಯಿ ಬಿಡಲಿ ಬಿಡದಿರಲಿ, ನಿಯಮದ ಪ್ರಕಾರ ಹೊರಗೆ ಬರಲೇಬೇಕಾದ ವಿವರಗಳು ಕೊನೆಯದು. ಸ್ವಿಂಡನ್‌ಗೆ ಬಂದಾಗಿನಿಂದ ನಾನು ನಾಲ್ಕನ್ನೂ ಬಳಸುತ್ತಿದ್ದೇನೆ. ಕೆಲವಕ್ಕೆ ದುಡ್ಡು ಕೊಟ್ಟಿದ್ದೇನೆ, ಕೆಲವು ಬಿಟ್ಟಿ. ಕುದುರೆಯನ್ನು ಮುಂದೆ ಎಲ್ಲಿ, ಎಷ್ಟು ದೂರಕ್ಕೆ ಓಡಿಸುತ್ತಾರೆ ಅಂತ ತಿಳಿಯೋದಕ್ಕೆ ಟ್ರೈನರ್ ಮಾತಿಗಿಂತ ಒಳ್ಳೆಯದು ಬೇರೆ ಇಲ್ಲ. ಗೆಲ್ಲುತ್ತಾ ಅಂತ ತಿಳಿಯೋದಕ್ಕೆ ಅದೇ ಮಾತು ಅಷ್ಟೇನೂ ಉಪಯೋಗಕ್ಕೆ ಬರುವುದಿಲ್ಲ.

ನಾನು ರೇಸ್ ಕಲಿತದ್ದು ಬೆಂಗಳೂರಿನಲ್ಲಿ. ಅಲ್ಲಿ ‘ಟ್ರೈನರ್ ಏನಂದರು’ ಅಂತ ಪೇಪರ್‌ನಲ್ಲಿ ಹುಡುಕುವವರು ಕಡಿಮೆ. ಹುಡುಕುವುದು ಟ್ರ್ಯಾಕ್ ವರ್ಕ್. ಕುದುರೆಗಳು ಇರುವುದು ರೇಸ್ ಕೋರ್ಸ್ ಆವರಣದ ಲಾಯಗಳಲ್ಲೇ. ಬೆಳಿಗ್ಗೆ ಎಲ್ಲರೂ ಅದೇ ಟ್ರ್ಯಾಕಿಗೆ ಬರಬೇಕು. ವಾಚ್ ಹಿಡಿದವರು ಟೈಮ್ ಬರೆದುಕೊಳ್ಳುತ್ತಾರೆ, ಅದು ಇಂಗ್ಲಿಷ್ ಪೇಪರ್‌ಗಳ ಕ್ರೀಡಾಪುಟದಲ್ಲಿ ಬರುತ್ತದೆ: ‘ಇನ್ನರ್ ಸ್ಯಾಂಡ್, 1000 ಮೀ, 1-7, 600/40, ಈಸಿ.’ ಅಂದರೆ ಒಳಗಿನ ಮರಳಿನ ಟ್ರ್ಯಾಕಿನಲ್ಲಿ 1000 ಮೀಟರಿಗೆ 1 ನಿಮಿಷ 7 ಸೆಕೆಂಡ್, ಅದರಲ್ಲಿ ಕೊನೆಯ 600 ಮೀಟರಿಗೆ 40 ಸೆಕೆಂಡ್, ಸವಾರ ಒತ್ತಾಯ ಮಾಡಿಲ್ಲ. ಔಟರ್ ಸ್ಯಾಂಡ್ ಟೈಮನ್ನು ಬೇರೆ ರೀತಿ ಓದಬೇಕು. ಕುದುರೆ ಹೆಸರಿನ ಪಕ್ಕ ಸವಾರನ ಹೆಸರು. ‘ಆರ್.ಬಿ.’ ಅಂತಿದ್ದರೆ ರೈಡಿಂಗ್ ಬಾಯ್, ಅಂದರೆ ತಾಲೀಮಿಗೆ ಕುದುರೆ ಹತ್ತುವ ಲಾಯದ ಹುಡುಗ. ದೊಡ್ಡ ಜಾಕಿಯೇ ಬೆಳಿಗ್ಗೆ ಎದ್ದು ಬಂದು ಹತ್ತಿದ್ದಾನೆ ಅಂದರೆ ಅದೇ ಒಂದು ಸುದ್ದಿ, ಅಲ್ವಾ?

ವಾಚಿಗೂ ಮಂಕುಬೂದಿ ಎರಚಬಹುದು ಅನ್ನಿ. ಭಾರದ ಹುಡುಗನನ್ನು ಕೂರಿಸಬಹುದು, ಕೊನೆಯಲ್ಲಿ ಲಗಾಮು ಎಳೆಸಬಹುದು. ಆದರೂ ಕೈಗೆ ಒಂದು ಅಂಕಿ ಸಿಗುತ್ತದೆ, ಅದರ ಜೊತೆ ನೀವೇ ಜಗಳ ಆಡಬಹುದು. ಕುದುರೆ ರೇಸ್ ಮುಖ್ಯವಾಗಿ ಕೌಶಲದ ಆಟ ಅಂತ ನಮ್ಮ ಸುಪ್ರೀಂ ಕೋರ್ಟ್ 1996ರಲ್ಲಿ ಹೇಳಿತು. ಕೌಶಲ ತೋರಿಸಬೇಕಾದರೆ ಎದುರಿಗೆ ಏನಾದರೂ ಮಾಹಿತಿ ಇರಬೇಕಲ್ಲ.

ಇಲ್ಲಿನ ಕಥೆ ಬೇರೆ. ಬ್ರಿಟನ್ನಿನ ಟ್ರೈನರ್‌ಗಳು ದೇಶದ ತುಂಬಾ ಹರಡಿಕೊಂಡಿದ್ದಾರೆ. ಎಷ್ಟೋ ಜನರಿಗೆ ಸ್ವಂತ ಜಮೀನು, ಅದರೊಳಗೆ ಸ್ವಂತ ತಾಲೀಮಿನ ಗುಡ್ಡ. ಬೆಳಿಗ್ಗೆ ಅಲ್ಲಿ ಏನಾಯಿತು ಅಂತ ಬೇಲಿ ಆಚೆ ಇರುವವರಿಗೆ ಗೊತ್ತಾಗುವುದಿಲ್ಲ. ನ್ಯೂಮಾರ್ಕೆಟ್‌ನಂತಹ ಕಡೆ ಹಲವು ಟ್ರೈನರ್‌ಗಳು ಒಂದೇ ಮೈದಾನ ಬಳಸುತ್ತಾರೆ. ಅಲ್ಲಿ ಬೈನಾಕ್ಯುಲರ್ ಹಿಡಿದು ನಿಲ್ಲುವ ವರದಿಗಾರರು ಇದ್ದಾರೆ. ಆದರೆ ಬೆಂಗಳೂರಿನ ಹಾಗೆ ದಿನಾ ಎಲ್ಲ ಕುದುರೆಗಳ ಟೈಮ್ ಬರುವುದಿಲ್ಲ. ಹಾಗಾಗಿ ಬೆಟ್ ಕಟ್ಟುವವರು ಟ್ರೈನರ್ ಬಾಯಿ ನೋಡಿಕೊಂಡು ಕೂರಬೇಕು. ಸ್ಟೇಬಲ್ ಟೂರ್‌ಗಳಿಗೆ ಇಲ್ಲಿ ಇಷ್ಟು ಬೆಲೆ ಬಂದಿದ್ದೇ ಇದರಿಂದ.

ಟ್ರೈನರ್ ಕಡೆಯಿಂದ ನೋಡಿದರೆ, ಅವರು ನಮಗೆ ಯಾಕೆ ಹೇಳಬೇಕು? ತಿಂಗಳ ಬಿಲ್ ಕಟ್ಟುವುದು ಕುದುರೆಯ ಮಾಲೀಕ. ಹಳೇ ಕಾಲದವರು ಗುಟ್ಟನ್ನು ಮಾಲೀಕರ ಆಸ್ತಿ ಅಂತಲೇ ತಿಳಿದಿದ್ದರು. ಅದರ ತುತ್ತತುದಿ ಅಂದರೆ ಪಕ್ಕದ ಐರ್ಲೆಂಡಿನ ಜೂಜುಗಾರ, ಕುದುರೆ ಮಾಲೀಕ ಬಾರ್ನಿ ಕರ್ಲಿ. 1975ರ ಜೂನ್‌ನಲ್ಲಿ ಬೆಲ್ಲೂಸ್‌ಟೌನ್ ಅನ್ನುವ ಸಣ್ಣ ರೇಸ್ ಕೋರ್ಸಿನಲ್ಲಿ ಅವರ ಕುದುರೆ ಯೆಲ್ಲೋ ಸ್ಯಾಮ್ ಓಡಿತು. ಅದುವರೆಗೆ ಹೊಂದದ ರೇಸುಗಳಲ್ಲೇ ಓಡಿಸಿ ಅದರ ಬಗ್ಗೆ ಯಾರಿಗೂ ಆಸೆ ಉಳಿಯದ ಹಾಗೆ ಮಾಡಿದ್ದರು. ಊರೂರಿನ ಬೆಟ್ಟಿಂಗ್ ಅಂಗಡಿಗಳಲ್ಲಿ ಒಂದೇ ಹೊತ್ತಿಗೆ ಸಣ್ಣ ಸಣ್ಣ ಬೆಟ್ ಬಿದ್ದವು. ಅಂಗಡಿಯವರಿಗೆ ಅನುಮಾನ ಬಂದು ರೇಸ್ ಕೋರ್ಸಿಗೆ ಫೋನ್ ಮಾಡಿದ್ದರೆ ದರ ಕುಸಿಯುತ್ತಿತ್ತು. ಅಲ್ಲಿ ಸಾರ್ವಜನಿಕ ಫೋನ್ ಇದ್ದದ್ದು ಒಂದೇ. ಕರ್ಲಿ ಕಡೆಯ ಆಸಾಮಿ ಅದನ್ನು ಹಿಡಿದುಕೊಂಡು, ಸಾಯುತ್ತಿರುವ ಸೋದರತ್ತೆಯ ಜೊತೆ ಮಾತಾಡುವ ನಾಟಕ ಆಡುತ್ತಾ ನಿಂತ. ಕುದುರೆ 20ಕ್ಕೆ 1ರ ದರದಲ್ಲಿ, ಅಂದರೆ 1 ಪೌಂಡಿಗೆ 20 ಪೌಂಡ್ ಲಾಭ ಕೊಟ್ಟು, ಗೆದ್ದಿತು, ಕೈಗೆ ಬಂದದ್ದು 3 ಲಕ್ಷ ಪೌಂಡಿಗೂ ಜಾಸ್ತಿ. ಇದನ್ನು ಇಲ್ಲಿನವರು ಈಗಲೂ ಖುಷಿಯಿಂದ ಹೇಳುತ್ತಾರೆ. ಅಂದು ಎದುರಾಳಿ ಕುದುರೆಗೆ ದುಡ್ಡು ಹಾಕಿದವನ ಕಥೆ ಮಾತ್ರ ಯಾರೂ ಹೇಳುವುದಿಲ್ಲ.

ಇನ್ನು ಸ್ಟೇಬಲ್ ಟೂರ್. ಅಡ್ಡಬೇಲಿ ಹಾರಿ ಓಡುವ ಜಂಪ್ ರೇಸಿನವು ಅಕ್ಟೋಬರ್ ಸುಮಾರಿಗೆ, ಬರೀ ಓಟದ ಫ್ಲಾಟ್ ರೇಸಿನವು ಮಾರ್ಚ್-ಏಪ್ರಿಲ್‌ನಲ್ಲಿ ಬರುತ್ತವೆ. ವರದಿಗಾರ ಲಾಯದಿಂದ ಲಾಯಕ್ಕೆ ಹೋಗಿ ಒಂದೊಂದು ಕುದುರೆಯ ಬಗ್ಗೆ ಟ್ರೈನರ್ ಹೇಳಿದ್ದನ್ನು ಎರಡು ಮೂರು ಸಾಲಿನಲ್ಲಿ ಕೊಡುತ್ತಾನೆ. ದೊಡ್ಡ ಲಾಯವಾದರೆ ಪುಟಗಟ್ಟಲೆ. ಅದರಲ್ಲಿ ನಾನು ಪೆನ್ಸಿಲ್‌ನಲ್ಲಿ ಗೀಟು ಹಾಕಿಕೊಳ್ಳುವುದು ನಾಲ್ಕೇ ವಿಷಯಕ್ಕೆ. ಯಾವ ನೆಲ ಬೇಕು, ಮೆತ್ತಗಿನದಾ ಗಟ್ಟಿಯದಾ. ಈ ಸಲ ದೂರ ಜಾಸ್ತಿ ಮಾಡುತ್ತಾರಾ. ಹರ್ಡಲ್ ಅನ್ನುವ ಸಣ್ಣ ಬೇಲಿಯಿಂದ ದೊಡ್ಡ ಫೆನ್ಸ್‌ಗೆ ಹೋಗುತ್ತಾ. ಬೇಸಿಗೆಯಲ್ಲಿ ಪೆಟ್ಟು, ಕಾಯಿಲೆ ಏನಾದರೂ ಆಗಿತ್ತಾ. ಈ ನಾಲ್ಕರಲ್ಲಿ ಟ್ರೈನರ್ ಸುಳ್ಳು ಹೇಳಿ ಗಳಿಸುವುದು ಏನೂ ಇಲ್ಲ. ಹಾಗಾಗಿ ಸಾಮಾನ್ಯವಾಗಿ ನಿಜವೇ ಇರುತ್ತದೆ. ‘ಇದಕ್ಕೆ ಮೂರು ಮೈಲಿ ಬೇಕು’ ಅಂತ ಅಕ್ಟೋಬರ್‌ನಲ್ಲಿ ಹೇಳಿದ ಕುದುರೆ ನವೆಂಬರ್‌ನಲ್ಲಿ ಎರಡು ಮೈಲಿ ಓಡಿ ಸೋತರೆ ನಾನು ಅದನ್ನು ಕೈಬಿಡುವುದಿಲ್ಲ. ಮೂರು ಮೈಲಿಗೆ ಹಾಕುವ ದಿನಕ್ಕೆ ಕಾಯುತ್ತೇನೆ. ನನ್ನ ಒಳ್ಳೆಯ ಬೆಟ್‌ಗಳಲ್ಲಿ ಜಾಸ್ತಿ ಬಂದದ್ದು ಹೀಗೆ.

ಹೊಗಳಿಕೆಯನ್ನು ಮಾತ್ರ ನಾನು ಓದುವುದೇ ಇಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು. ಅದೂ ಅಲ್ಲದೆ ಆ ಪುಟವನ್ನು ಕುದುರೆಯ ಮಾಲೀಕನೂ ಓದುತ್ತಾನೆ. ‘ನಿಮ್ಮದು ಲಾಯಕ್ಕಿಲ್ಲ ಸ್ವಾಮಿ’ ಅಂತ ಪೇಪರ್‌ನಲ್ಲಿ ಬರೆಸಿ ಯಾವ ಟ್ರೈನರ್ ಬದುಕುತ್ತಾನೆ? ಅದಕ್ಕೇ ಕೆಲವು ಮಾತುಗಳ ಒಳಗೆ ಇಳಿಯಬೇಕು. ‘ದೊಡ್ಡ ಮೈಯ ಕುದುರೆ, ಈ ವರ್ಷ ಏನು ಮಾಡಿದರೂ ಲಾಭವೇ’ ಅಂದರೆ ಈ ವರ್ಷ ಅದರ ಮೇಲೆ ದುಡ್ಡು ಹಾಕಬೇಡಿ. ‘ಈ ಓಟದಿಂದ ಇನ್ನಷ್ಟು ಸುಧಾರಿಸುತ್ತದೆ’ ಅಂದರೆ ಇನ್ನೂ ಪೂರ್ತಿ ತಯಾರಾಗಿಲ್ಲ. ‘ಹ್ಯಾಂಡಿಕ್ಯಾಪರ್ (ಕುದುರೆಗಳಿಗೆ ರೇಟಿಂಗ್ ಕೊಡುವ ಅಧಿಕಾರಿ) ನಮಗೆ ಸ್ವಲ್ಪವೂ ಕನಿಕರ ತೋರಿಸಿಲ್ಲ’ ಅನ್ನುವುದನ್ನು ಎಲ್ಲ ಟ್ರೈನರ್‌ಗಳೂ ಎಲ್ಲ ವರ್ಷವೂ ಹೇಳುತ್ತಾರೆ. ಅದಕ್ಕೆ ಬೆಲೆ ಇಲ್ಲ. ಕುದುರೆ ಹೊರುವ ತೂಕ ಅದರ ರೇಟಿಂಗ್ ಮೇಲೆ ನಿಂತಿರುವಾಗ ಯಾರು ತಾನೇ ‘ರೇಟಿಂಗ್ ಕಡಿಮೆ ಸಿಕ್ಕಿದೆ, ಬನ್ನಿ’ ಅಂತ ಕೂಗಿ ಹೇಳುತ್ತಾರೆ? ಒಟ್ಟಾರೆ ಸ್ಟೇಬಲ್ ಟೂರ್‌ಗೆ ನಾನು 5ಕ್ಕೆ 3 ಕೊಡುತ್ತೇನೆ. ಆರು ತಿಂಗಳಾದ ಮೇಲೆ ಅದು ಹಳಸಿರುತ್ತದೆ ಅನ್ನುವುದೂ ನೆನಪಿರಲಿ.

ಬೆಟ್ಟಿಂಗ್ ಕಂಪನಿಗಳ ಅಂಕಣಗಳು ಹೀಗೆ ಹಳಸುವುದಿಲ್ಲ, ಏಕೆಂದರೆ ಅವು ಆ ವಾರದ ಕುದುರೆಗಳ ಬಗ್ಗೆ ಇರುತ್ತವೆ. 14 ಸಲ ಚಾಂಪಿಯನ್ ಜಂಪ್ ಟ್ರೈನರ್ ಆದ ಪಾಲ್ ನಿಕೋಲ್ಸ್ ಬೆಟ್‌ಫೇರ್‌ಗೆ ಬರೆದಿದ್ದಾರೆ, ಲ್ಯಾಂಬೋರ್ನ್ ಬಳಿಯ ನಿಕಿ ಹೆಂಡರ್ಸನ್ ಯೂನಿಬೆಟ್‌ಗೆ ಬರೆದಿದ್ದಾರೆ. ಓದಲು ಚೆನ್ನಾಗಿರುತ್ತದೆ, ದುಡ್ಡೂ ಕೊಡಬೇಕಿಲ್ಲ. ಒಳಗಿನ ಸುದ್ದಿಯನ್ನು ಕದ್ದುಮುಚ್ಚಿ ದುಡ್ಡಿಗೆ ಮಾರಿದರೆ ಬ್ರಿಟಿಷ್ ರೇಸಿಂಗ್ ಪ್ರಾಧಿಕಾರ ಬಿಡುವುದಿಲ್ಲ. ಬೆಟ್ ಕಟ್ಟುವವರು ತಮ್ಮತಮ್ಮಲ್ಲೇ ಬೆಟ್ ಆಡುವ ಎಕ್ಸ್‌ಚೇಂಜ್‌ನಲ್ಲಿ, ತನ್ನ ಕುದುರೆ ಸೋಲುತ್ತದೆ ಅಂತ ಟ್ರೈನರ್ ಬೆಟ್ ಕಟ್ಟುವಂತೆಯೂ ಇಲ್ಲ. ಎಲ್ಲರ ಕಣ್ಣಿಗೆ ಬೀಳುವ ಹಾಗೆ ಬರೆದದ್ದು ಗುಟ್ಟು ಅಲ್ಲವಲ್ಲ, ಅದಕ್ಕೆ ಅಂಕಣ ನಡೆಯುತ್ತದೆ. ಆದರೂ ನನಗೆ ಒಂದು ಕಿರಿಕಿರಿ ಇದೆ. ನಾನು ಬೆಟ್ ಕಟ್ಟುವುದು ಯಾರ ವಿರುದ್ಧವೋ ಅವರೇ ಈ ಸುದ್ದಿಗೆ ದುಡ್ಡು ಕೊಟ್ಟಿರುತ್ತಾರೆ. ಅಂಕಣ ನನ್ನ ಕಣ್ಣಿಗೆ ಬೀಳುವ ಹೊತ್ತಿಗೆ ದರ ಆಗಲೇ ಸರಿಹೊಂದಿರುತ್ತದೆ. ನಾನು ಖಾತೆ ಇಟ್ಟಿದ್ದ ಒಂದು ಕಂಪನಿ, ಸ್ವಲ್ಪ ಲಾಭ ಕಾಣಿಸಿದ ಕೂಡಲೇ ನನ್ನ ಬೆಟ್‌ಗೆ ಒಂದು ಕಾಫಿ ಬೆಲೆಯ ಮಿತಿ ಹಾಕಿತು. ಟ್ರೈನರ್ ಸುದ್ದಿ ಓದಿ ಅಂತ ವಾರಕ್ಕೆರಡು ಮೇಲ್ ಕಳಿಸುವುದನ್ನು ಮಾತ್ರ ನಿಲ್ಲಿಸಲಿಲ್ಲ!

ಸುದ್ದಿ ಬೇಗ ಸಿಕ್ಕರೆ ಏನು ಲಾಭ ಅನ್ನುವುದಕ್ಕೆ 2024ರ ಕಾನ್‌ಸ್ಟಿಟ್ಯೂಷನ್ ಹಿಲ್ ಪ್ರಕರಣ ನೋಡಿ. ಹೆಂಡರ್ಸನ್ ಲಾಯದ ಈ ಕುದುರೆ, ಮಾರ್ಚ್‌ನ ಚೆಲ್ಟನ್‌ಹ್ಯಾಮ್ ರೇಸ್ ಹಬ್ಬದ ದೊಡ್ಡ ರೇಸಾದ ಚಾಂಪಿಯನ್ ಹರ್ಡಲ್ಲನ್ನು 2023ರಲ್ಲಿ ಗೆದ್ದಿತ್ತು, ಹರ್ಡಲ್ ರೇಸುಗಳಲ್ಲಿ ಅಲ್ಲಿವರೆಗೆ ಸೋತೇ ಇರಲಿಲ್ಲ. ಮುಂದಿನ ಮಾರ್ಚ್‌ನಲ್ಲಿ ಮತ್ತೆ ಅದೇ ಫೇವರಿಟ್. ಫೆಬ್ರವರಿ ಕೊನೆಯಲ್ಲಿ ಕೆಂಪ್ಟನ್ ಪಾರ್ಕ್‌ನಲ್ಲಿ ಜನರ ಎದುರಿಗೇ ತಾಲೀಮು ಮಾಡಿತು. ಜೊತೆಯ ಕುದುರೆಗಳಿಗಿಂತ ಹಿಂದೆ ಬಿತ್ತು. ಹೆಂಡರ್ಸನ್ ಮುಚ್ಚಿಡಲಿಲ್ಲ. ಉಸಿರಾಟದ ನಾಳದಲ್ಲಿ ತೊಂದರೆ ಕಂಡಿದೆ, ರಕ್ತ ಪರೀಕ್ಷೆ ಹೀಗಿದೆ ಅಂತ ಹಂತಹಂತವಾಗಿ ಹೊರಗೆ ಹೇಳಿದರು. ಕೊನೆಗೆ ಕುದುರೆ ಓಡುವುದಿಲ್ಲ ಅಂತಾಯಿತು, ಸ್ಟೇಟ್ ಮ್ಯಾನ್ ಗೆದ್ದಿತು. ಇಷ್ಟು ಬಿಚ್ಚುಮನಸ್ಸಿನಿಂದ ಹೇಳಿದ್ದಕ್ಕೆ ಅವರನ್ನು ಮೆಚ್ಚಲೇಬೇಕು. ಆದರೆ ತಿಂಗಳುಗಳ ಮೊದಲೇ ಆಂಟಿ-ಪೋಸ್ಟ್ ಬೆಟ್ ಕಟ್ಟಿದವರಿಗೆ ಅದರಿಂದ ನಯಾಪೈಸೆ ವಾಪಸ್ ಬರಲಿಲ್ಲ. ಕುದುರೆ ಓಡದಿದ್ದರೆ ದುಡ್ಡು ಹೋಯಿತು ಅನ್ನುವುದೇ ಅಲ್ಲಿನ ಷರತ್ತು. ‘ಓಡದಿದ್ದರೆ ದುಡ್ಡು ವಾಪಸ್’ ಅನ್ನುವ ಆಫರ್ ರೇಸ್ ಹಬ್ಬ ಹತ್ತಿರವಾದ ಮೇಲೆ ಬರುತ್ತದೆ, ಆಗ ದರ ಇಳಿದಿರುತ್ತದೆ. ಟ್ರೈನರ್ ಎಷ್ಟೇ ಪ್ರಾಮಾಣಿಕನಾದರೂ ಚಳಿಗಾಲದ ಮಧ್ಯೆ ಆಂಟಿ-ಪೋಸ್ಟ್ ಕಟ್ಟುವುದನ್ನು ನಾನು ಬಿಟ್ಟಿದ್ದೇನೆ.

ಮರುವರ್ಷ ಅದೇ ಕುದುರೆ ಗಟ್ಟಿಮುಟ್ಟಾಗಿ ಬಂದು, ಅದೇ ರೇಸಿನಲ್ಲಿ ಹರ್ಡಲ್‌ಗೆ ಎಡವಿ ಬಿತ್ತು. ಕೊನೆಯ ಹರ್ಡಲ್‌ನಲ್ಲಿ, ಮುಂದಿದ್ದ ಸ್ಟೇಟ್ ಮ್ಯಾನ್ ಕೂಡ ಬಿತ್ತು. 25ಕ್ಕೆ 1ರ ಗೋಲ್ಡನ್ ಏಸ್ ಗೆದ್ದಿತು. ಇದಕ್ಕೆ ಯಾವ ಲಾಯದ ಸುದ್ದಿ ತಾನೇ ಏನು ಮಾಡೀತು?

ನಾನು ನಿಜವಾಗಿ ನಂಬುವುದು ಟ್ರೈನರ್ ಇಷ್ಟಪಟ್ಟು ಹೇಳಿದ್ದನ್ನಲ್ಲ, ಹೇಳಲೇಬೇಕಾಗಿ ಬಂದದ್ದನ್ನು. ಕುದುರೆಯ ಉಸಿರಾಟ ಸರಿಯಾಗಲಿ ಅಂತ ಗಂಟಲಿಗೆ ಶಸ್ತ್ರಚಿಕಿತ್ಸೆ ಮಾಡಿಸುವುದು ಇಲ್ಲಿ ಮಾಮೂಲು. ಮೊದಲೆಲ್ಲ ಅದು ಲಾಯದವರಿಗಷ್ಟೇ ಗೊತ್ತಿರುತ್ತಿತ್ತು. ಮೂರು ಸಲ ಕೊನೆಯಲ್ಲಿ ಸುಸ್ತಾದ ಕುದುರೆ ನಾಲ್ಕನೇ ಸಲ ಹಾರಿಕೊಂಡು ಬಂದರೆ ನಾವು ಬಾಯಿ ಬಿಟ್ಟುಕೊಂಡು ನೋಡಬೇಕಿತ್ತು. 2018ರ ಜನವರಿಯಿಂದ ಟ್ರೈನರ್ ಇದನ್ನು ಘೋಷಿಸಲೇಬೇಕು, ರೇಸ್ ಕಾರ್ಡಿನಲ್ಲಿ ಗುರುತು ಬರುತ್ತದೆ. ಯಾವ ಬಗೆಯ ಶಸ್ತ್ರಚಿಕಿತ್ಸೆ ಅಂತ ಮಾತ್ರ ಇರುವುದಿಲ್ಲ. ಅದು ದೊಡ್ಡ ಕೊರತೆ, ಯಾಕಂದರೆ ಸಣ್ಣದಾಗಿ ಸುಟ್ಟು ಸರಿಮಾಡುವುದಕ್ಕೂ ಹೊಲಿಗೆ ಹಾಕಿ ಕಟ್ಟುವುದಕ್ಕೂ ತುಂಬಾ ವ್ಯತ್ಯಾಸ ಇದೆ. ಬ್ಲಿಂಕರ್, ಹುಡ್, ನಾಲಿಗೆ ಕಟ್ಟುವ ಪಟ್ಟಿ ಮೊದಲ ಸಲ ಹಾಕಿದರೂ ಕಾರ್ಡಿನಲ್ಲಿ ಕಾಣುತ್ತದೆ.

ಅದಕ್ಕಿಂತ ಬೆಲೆಬಾಳುವುದು ಸ್ಟುವರ್ಡ್‌ಗಳ, ಅಂದರೆ ರೇಸಿನಲ್ಲಿ ನಿಯಮ ನೋಡಿಕೊಳ್ಳುವ ಅಧಿಕಾರಿಗಳ, ವರದಿ. ಪೂರ್ತಿ ಬಿಟ್ಟಿ, ಓದುವವರು ಕಡಿಮೆ. ಫೇವರಿಟ್ ಕೆಟ್ಟದಾಗಿ ಓಡಿದರೆ ಟ್ರೈನರ್ ಕಡೆಯವರನ್ನು ಕರೆದು ಕೇಳುತ್ತಾರೆ. ಎಷ್ಟೋ ಸಲ ‘ಕಾರಣ ಹೇಳಲು ಆಗಲಿಲ್ಲ’ ಅನ್ನುವ ಒಂದೇ ಸಾಲು. ಆದರೆ ಕೆಲವು ಸಲ ‘ಮೂಗಿನಲ್ಲಿ ರಕ್ತ ಬಂದಿತ್ತು’, ‘ಲಾಳ ಕಳಚಿತ್ತು’, ‘ನೆಲ ಹೊಂದಲಿಲ್ಲ’ ಅಂತ ಇರುತ್ತದೆ. ಲಾಳ ಕಳಚಿ ಸೋತ ಕುದುರೆ ಮುಂದಿನ ಸಲ ಒಳ್ಳೆಯ ದರಕ್ಕೆ ಸಿಗುತ್ತದೆ. ಇದಕ್ಕೆ ನನ್ನಿಂದ 5ಕ್ಕೆ 5.

ಹಾಂಗ್‌ಕಾಂಗ್‌ನಲ್ಲಿ ಇದನ್ನು ಕೊನೆಯವರೆಗೂ ತೆಗೆದುಕೊಂಡು ಹೋಗಿದ್ದಾರೆ. ಅಲ್ಲಿನ ಜಾಕಿ ಕ್ಲಬ್ ಸೈಟಿನಲ್ಲಿ ಪ್ರತಿ ಕುದುರೆಯ ಬೆಳಗಿನ ತಾಲೀಮು, ಬ್ಯಾರಿಯರ್ ಟ್ರಯಲ್‌ (ಗೇಟಿನಿಂದ ಬಿಡುವ ಅಭ್ಯಾಸದ ಓಟ) ವೀಡಿಯೊ, ಮೈತೂಕ, ಪಶುವೈದ್ಯರ ದಾಖಲೆ ಎಲ್ಲ ಇದೆ. ಟ್ರೈನರ್‌ಗೆ ಲೈಸೆನ್ಸ್ ಕೊಡುವುದೂ ಆ ಕ್ಲಬ್, ಲಾಯಗಳೂ ಅದರವೇ, ಕಾನೂನಿನ ಪ್ರಕಾರ ಬೆಟ್ ತೆಗೆದುಕೊಳ್ಳುವುದೂ ಅದೊಂದೇ. ಜನಕ್ಕೆ ನಂಬಿಕೆ ಬಂದರೆ ವಹಿವಾಟು ಕ್ಲಬ್ಬಿಗೇ ಬರುತ್ತದೆ. ಹೇಳು ಅಂದರೆ ಟ್ರೈನರ್ ಹೇಳಲೇಬೇಕು. ಬ್ರಿಟನ್ನಿನಲ್ಲಿ ಲಾಯ ಒಬ್ಬರದು, ಟ್ರ್ಯಾಕ್ ಇನ್ನೊಬ್ಬರದು, ಬೆಟ್ಟಿಂಗ್ ಮತ್ತೊಬ್ಬರದು. ಅಂತಹ ಸೈಟ್ ಇಲ್ಲಿ ಸದ್ಯಕ್ಕೆ ಬರುವ ಹಾಗೆ ಕಾಣುವುದಿಲ್ಲ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ರೆಡಿಂಗ್‌ನಲ್ಲಿರುವ ನಮ್ಮ ಹಾಸನದ ಸ್ನೇಹಿತರೊಬ್ಬರು ‘ಲಾಯದ ಹುಡುಗರಿಂದ ನೇರ ಸುದ್ದಿ’ ಅನ್ನುವ ಟೆಲಿಗ್ರಾಂ ಗುಂಪಿಗೆ ತಿಂಗಳ ಚಂದಾ ಕಟ್ಟುತ್ತಿದ್ದರು. ಇಬ್ಬರೂ ಕೂತು ಅದನ್ನು ಸ್ಟೇಬಲ್ ಟೂರ್ ಜೊತೆ ಇಟ್ಟು ನೋಡಿದೆವು. ಪೇಪರ್‌ನಲ್ಲಿ ಬಂದ ಸಾಲುಗಳನ್ನೇ ತಿರುಗಿಸಿ ಬರೆದು, ಹಿಂದೆ ಮುಂದೆ ಬೆಂಕಿಯ ಇಮೋಜಿ ಹಾಕಿದ್ದರು. ಲಾಯದ ಕೆಲಸದವರು ನಿಜವಾಗಿ ಸುದ್ದಿ ಮಾರುತ್ತಿದ್ದರೆ ಅದು ನಿಯಮಕ್ಕೆ ವಿರುದ್ಧ. ಮಾರುತ್ತಿಲ್ಲವಾದರೆ ಗುಂಪಿನವರು ಹೇಳುತ್ತಿರುವುದು ಸುಳ್ಳು. ಎರಡಕ್ಕೂ ದುಡ್ಡು ಕೊಡಬೇಕಾಗಿಲ್ಲ.

ಲಾಯವನ್ನು ಕಣ್ಣಾರೆ ನೋಡಬೇಕು ಅಂದರೆ ಗುಡ್ ಫ್ರೈಡೇ ದಿನ ಲ್ಯಾಂಬೋರ್ನ್ ಓಪನ್ ಡೇಗೆ ಹೋಗಿ. ಟ್ರೈನರ್‌ಗಳು ಬಾಗಿಲು ತೆಗೆದಿಡುತ್ತಾರೆ. ಟ್ರೈನರ್ ಸುತ್ತ ಸಾಲು ನಿಂತಿರುತ್ತದೆ. ಕುದುರೆ ಮೈ ಉಜ್ಜುವ ಹುಡುಗಿಯ ಹತ್ತಿರ ಯಾರೂ ಇರುವುದಿಲ್ಲ. ಕುದುರೆ ಚೆನ್ನಾಗಿ ತಿನ್ನುತ್ತಾ, ರೇಸಿನ ಗಲಾಟೆಗೆ ಬೆವರುತ್ತಾ ಅಂತ ಕೇಳಿದರೆ ಸಂತೋಷದಿಂದ ಹೇಳುತ್ತಾರೆ. ‘ಗೆಲ್ಲುತ್ತಾ’ ಅಂತ ಮಾತ್ರ ಕೇಳಬೇಡಿ.

ಸ್ಟೇಬಲ್ ಟೂರ್‌ಗಾಗಿ ರೇಸಿಂಗ್ ಪತ್ರಿಕೆಗೆ ಚಂದಾ ಕಟ್ಟುವವರಿಗೆ: ಇಡೀ ವರ್ಷದ್ದು ಬೇಡ. ಜಂಪ್ ಇಷ್ಟವಾದರೆ ಅಕ್ಟೋಬರ್‌ಗೆ ಒಂದು ತಿಂಗಳು, ಫ್ಲಾಟ್ ಇಷ್ಟವಾದರೆ ಮಾರ್ಚ್ ಕೊನೆಗೆ ಒಂದು ತಿಂಗಳು ತೆಗೆದುಕೊಂಡು ಟೂರ್‌ಗಳಿಂದ ಬೇಕಾದ್ದನ್ನು ನೋಟ್‌ಬುಕ್ಕಿಗೆ ಇಳಿಸಿಕೊಳ್ಳಿ. ಉಳಿದ ತಿಂಗಳುಗಳಲ್ಲಿ ರೇಸ್ ಕಾರ್ಡ್, ಸ್ಟುವರ್ಡ್ ವರದಿ ಎರಡೂ ಬಿಟ್ಟಿಯಾಗೇ ಸಿಗುತ್ತವೆ.